ವಿಷ ತಡೆಯುವ ಕಬ್ಬಿಣದ ಗೋಡೆ

ಮಕ್ಕಳೇ, ಮಳೆಯಲ್ಲಿ ನೆನೆದ ಮೊಳೆಗೆ ತುಕ್ಕು ಹಿಡಿಯುವುದನ್ನು ನೀವು ನೋಡಿದ್ದೀರಿ. ತುಕ್ಕು ಎಂದರೆ ನಷ್ಟ ಎಂದೇ ನಾವೆಲ್ಲ ತಿಳಿದಿದ್ದೇವೆ. ಆದರೆ ತುಕ್ಕು ಹಿಡಿಯುವ ಕಬ್ಬಿಣವೇ ನೆಲದಡಿಯ ವಿಷವನ್ನು ತಡೆಯಬಲ್ಲದು ಎಂದರೆ ನಂಬುವಿರಾ?

ಸೈಕಲ್ಲಿನ ಹೊಳೆಯುವ ಹ್ಯಾಂಡಲ್ ನೋಡಿ. ಅದಕ್ಕೆ ಸಾಮಾನ್ಯವಾಗಿ ಕ್ರೋಮಿಯಂ ಎಂಬ ಲೋಹದ ತೆಳುವಾದ ಲೇಪನ ಇರುತ್ತದೆ. ಲೇಪನಕ್ಕೆ ಬಳಸುವ ದ್ರಾವಣದಲ್ಲಿ 'ಕ್ರೋಮಿಯಂ-6' ಇರಬಹುದು. ಇದು ನೀರಿನಲ್ಲಿ ಸುಲಭವಾಗಿ ಕರಗುವ ವಿಷ, ಕ್ಯಾನ್ಸರ್ ತರಬಲ್ಲದು. ನೆಲಕ್ಕೆ ಸೋರಿದರೆ ಅಂತರ್ಜಲದೊಂದಿಗೆ ಬಾವಿ, ನದಿಗಳತ್ತ ಸಾಗುತ್ತದೆ.

ಅಮೆರಿಕದ ಉತ್ತರ ಕ್ಯಾರೊಲಿನಾ ರಾಜ್ಯದ ಎಲಿಜಬೆತ್ ಸಿಟಿಯಲ್ಲಿ ಹೀಗೇ ಆಯಿತು. ಅಲ್ಲಿನ ಕರಾವಳಿ ಕಾವಲು ಪಡೆಯ ಲೇಪನ ಕಾರ್ಯಾಗಾರದ ನೆಲದಡಿ ಕ್ರೋಮಿಯಂ-6 ಸೋರಿತ್ತು. ಪಾಸ್ಕ್ವೊಟ್ಯಾಂಕ್ ನದಿ ಅಲ್ಲಿಂದ ಸುಮಾರು 60 ಮೀಟರ್ ದೂರದಲ್ಲಷ್ಟೇ ಇತ್ತು!

ನೀರನ್ನು ಪಂಪಿನಿಂದ ಮೇಲೆತ್ತಿ ಶುದ್ಧಗೊಳಿಸಬಹುದಿತ್ತು. ಅದಕ್ಕೆ ವರ್ಷಗಟ್ಟಲೆ ವಿದ್ಯುತ್ತು, ಹಣ ಬೇಕು. ಅದರ ಬದಲು 1996ರಲ್ಲಿ ವಿಜ್ಞಾನಿಗಳು ಅಂತರ್ಜಲ ಹರಿಯುವ ದಾರಿಗೆ ಅಡ್ಡಲಾಗಿ ಕಂದಕ ತೋಡಿಸಿ ಕಬ್ಬಿಣದ ಚೂರುಗಳನ್ನು ತುಂಬಿಸಿದರು. ಈ 'ಗೋಡೆ'ಯ ಉದ್ದ 46 ಮೀಟರ್, ಆಳ ಸುಮಾರು 7 ಮೀಟರ್, ದಪ್ಪ 60 ಸೆಂಟಿಮೀಟರ್.

ಗೋಡೆ ನೀರನ್ನು ತಡೆಯುವುದಿಲ್ಲ. ಚೂರುಗಳ ಸಂದಿಯಲ್ಲಿ ನೀರು ಹರಿದುಹೋಗುತ್ತದೆ. ಹಾಗಾದರೆ ವಿಷ ಏನಾಗುತ್ತದೆ? ತುಕ್ಕು ಹಿಡಿಯುವಾಗ ಕಬ್ಬಿಣವು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಕ್ರೋಮಿಯಂ-6 ಅಂಥ ಮೂರು ಎಲೆಕ್ಟ್ರಾನುಗಳನ್ನು ಪಡೆದು ಕ್ರೋಮಿಯಂ-3 ಆಗುತ್ತದೆ. ಇದರ ವಿಷ ಬಹಳ ಕಡಿಮೆ. ಇದು ನೀರಿನಲ್ಲಿ ಹೆಚ್ಚು ಕರಗದೆ ಕಬ್ಬಿಣದ ಚೂರುಗಳ ಮೇಲೆಯೇ ಕೂರುತ್ತದೆ. ಗೋಡೆಗೆ ಬರುವ ಮುನ್ನ ಕೆಲವೆಡೆ ಒಂದು ಲೀಟರ್ ನೀರಿನಲ್ಲಿ 10 ಮಿಲಿಗ್ರಾಂಗಿಂತ ಹೆಚ್ಚು ಕ್ರೋಮಿಯಂ-6 ಇತ್ತು. ಗೋಡೆ ದಾಟಿದ ನೀರಿನಲ್ಲಿ ಅದು 0.1 ಮಿಲಿಗ್ರಾಂಗಿಂತ ಕಡಿಮೆಯಾಯಿತು.

ಈ ವಿಧಾನಕ್ಕೂ ಮಿತಿಗಳಿವೆ. ಕ್ರೋಮಿಯಂ ಮಾಯವಾಗುವುದಿಲ್ಲ, ನೆಲದಲ್ಲೇ ಉಳಿಯುತ್ತದೆ. ಕಬ್ಬಿಣ ಕ್ರಮೇಣ ಸವೆಯುತ್ತದೆ, ಸಂದಿಗಳೂ ಕಟ್ಟಿಕೊಳ್ಳಬಹುದು. ಆದ್ದರಿಂದ ಸುತ್ತಲಿನ ನೀರನ್ನು ಆಗಾಗ ಪರೀಕ್ಷಿಸುತ್ತಲೇ ಇರಬೇಕು.

ಮಾಡಿ ನೋಡಿ: ಶಿಕ್ಷಕರ ಸಹಾಯದಿಂದ ಗಾಜಿನ ಲೋಟದ ನೀರಿನಲ್ಲಿ ಚಿಟಿಕೆ ಮೈಲುತುತ್ತ ಕರಗಿಸಿ. ಮರಳು ಕಾಗದದಿಂದ ಉಜ್ಜಿದ ಕಬ್ಬಿಣದ ಮೊಳೆಗಳನ್ನು ಅದರಲ್ಲಿ ಹಾಕಿಡಿ. ಸ್ವಲ್ಪ ಹೊತ್ತಿನಲ್ಲಿ ಮೊಳೆಗಳ ಮೇಲೆ ಕಂದುಗೆಂಪು ತಾಮ್ರ ಕೂರುತ್ತದೆ. ನೀರಿನ ನೀಲಿ ಬಣ್ಣ ನಿಧಾನವಾಗಿ ತಿಳಿಯಾಗುತ್ತದೆ. ಇಲ್ಲಿಯೂ ಎಲೆಕ್ಟ್ರಾನುಗಳನ್ನು ಕೊಟ್ಟದ್ದು ಕಬ್ಬಿಣವೇ. ಎಚ್ಚರಿಕೆ! ಮೈಲುತುತ್ತ ವಿಷ. ಬಾಯಿಗೆ ಹಾಕಬೇಡಿ, ಕೈ ತೊಳೆಯಲು ಮರೆಯಬೇಡಿ. ಉಳಿದ ದ್ರಾವಣವನ್ನು ಬಾವಿಯ ಬಳಿ ಚೆಲ್ಲದೆ ಶಿಕ್ಷಕರಿಗೆ ಒಪ್ಪಿಸಿ. ಏಕೆಂದು ಈಗ ನಿಮಗೇ ಗೊತ್ತಲ್ಲವೇ?