ನೆಲಮಾಳಿಗೆಯ ಮೆಟ್ಟಿಲಿಗೆ ನಾವೇ ಮಾಡಿಸಿದ ಟ್ರಾಲಿ

ನಮ್ಮ ಹೋಟೆಲಿನ ಸ್ಟೋರ್ ರೂಮು ನೆಲಮಾಳಿಗೆಯಲ್ಲಿದೆ. ಮುಂಬೈಯ ಹಳೆಯ ಕಟ್ಟಡಗಳಲ್ಲಿ ಹೋಟೆಲು ನಡೆಸುವ ನಮ್ಮವರಲ್ಲಿ ಹಲವರ ಸ್ಥಿತಿ ಇದೇ. ಮೇಲಿನ ಒಂದೊಂದು ಚದರಡಿಗೂ ಟೇಬಲ್ ಹಾಕಬೇಕು. ಅಕ್ಕಿ, ಉದ್ದಿನಬೇಳೆ, ರವೆ, ಎಣ್ಣೆ ಡಬ್ಬ ಎಲ್ಲವೂ ಕೆಳಗೆ ಹೋಗಬೇಕು. ಹದಿನಾಲ್ಕು ಕಡಿದಾದ ಮೆಟ್ಟಿಲು. ವರ್ಷಗಟ್ಟಲೆ ಆ ಭಾರವನ್ನೆಲ್ಲ ಹುಡುಗರ ಬೆನ್ನೇ ಹೊತ್ತಿತು. ನಾನೂ ಚಿಕ್ಕಂದಿನಲ್ಲಿ ಬೇರೆಯವರ ಹೋಟೆಲಿನಲ್ಲಿ ಅದೇ ಕೆಲಸ ಮಾಡಿ ಬಂದವನಾದ್ದರಿಂದ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಒಂದು ಮಳೆಗಾಲದ ಬೆಳಿಗ್ಗೆ ಐದೂವರೆಗೆ, 50 ಕಿಲೋ ಅಕ್ಕಿ ಮೂಟೆ ಹೊತ್ತು ಬರುತ್ತಿದ್ದ ನಮ್ಮ ಹುಡುಗ ಒದ್ದೆ ಮೆಟ್ಟಿಲಿನಲ್ಲಿ ಜಾರಿದ. ಮೂಟೆ ಅವನ ಮೇಲೆಯೇ ಬಿತ್ತು. ಕಾಲಿನ ಮೂಳೆ ಎರಡು ಕಡೆ ಮುರಿಯಿತು. ಆಸ್ಪತ್ರೆಯ ಖರ್ಚು, ನಾಲ್ಕು ತಿಂಗಳ ಸಂಬಳ ಕೊಟ್ಟೆವು. ಕುಂದಾಪುರದ ಕಡೆಯಿಂದ ಅವನ ತಂದೆ ಬಂದವರು ಗಲ್ಲದ ಎದುರು ನಿಂತು ದುಡ್ಡಿನ ಮಾತೇ ಎತ್ತಲಿಲ್ಲ. "ಧಣಿಗಳೇ, ಇನ್ನ್ ಇವ್ನಿಗೆ ಭಾರ ಹೊರುಕೆ ಆತ್ತಾ?" ಎಂದಷ್ಟೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಸರ್ವೀಸ್ ಲಿಫ್ಟ್ ಹಾಕಿಸೋಣವೆಂದರೆ ಸ್ಲ್ಯಾಬ್ ಕೊರೆಯಬೇಕು. ನಮ್ಮದು ಪಗಡಿ ಜಾಗ. ಮಾಲೀಕರು ಒಪ್ಪಲಿಲ್ಲ, ಕಟ್ಟಡ ನೋಡಿದ ಇಂಜಿನಿಯರರೂ ಬೇಡವೆಂದರು. ಉಳಿದದ್ದು ಮೆಟ್ಟಿಲಿನ ಪಕ್ಕದಲ್ಲೇ ಹಳಿ ಹಾಕಿ ಟ್ರಾಲಿ ಎಳೆಯುವ ದಾರಿ. ನಮ್ಮ ಮೆಟ್ಟಿಲು ನಾಲ್ಕು ಅಡಿ ಅಗಲವಿದೆ. ಟ್ರಾಲಿಗೆ 18 ಇಂಚು ಬಿಟ್ಟರೂ ನಡೆಯಲು ಎರಡೂವರೆ ಅಡಿ ಉಳಿಯಿತು. ಅಷ್ಟು ಅಗಲವಿಲ್ಲದವರು ಈ ಸಾಹಸಕ್ಕೆ ಹೋಗಬೇಡಿ. ಬೆಂಕಿ ಬಿದ್ದಾಗ ಕೆಳಗಿದ್ದವರು ಓಡಿ ಬರಬೇಕಾದ ದಾರಿಯೂ ಅದೇ.

ಲೆಕ್ಕ ಹೀಗಿದೆ. ನಮ್ಮ ಮೆಟ್ಟಿಲಿನ ಎತ್ತರ 8 ಇಂಚು, ಅಗಲ 9 ಇಂಚು. ಇಳಿಜಾರಿನಲ್ಲಿ ಅಳೆದರೆ ಮೆಟ್ಟಿಲಿಗೆ ಒಂದು ಅಡಿ, ಒಟ್ಟು 14 ಅಡಿ. ಎರಡು ಮೂಟೆ 100 ಕಿಲೋ, ಟ್ರಾಲಿ 25 ಕಿಲೋ. ಈ ಇಳಿಜಾರಿನಲ್ಲಿ ಹಗ್ಗಕ್ಕೆ ಬೀಳುವುದು ಅದರ ಮೂರರಲ್ಲಿ ಎರಡು ಪಾಲು. ಉಜ್ಜಾಟವನ್ನೂ ಸೇರಿಸಿದರೆ ಸುಮಾರು 90 ಕಿಲೋ. ನಿಮಿಷಕ್ಕೆ 9 ಮೀಟರ್ ವೇಗಕ್ಕೆ ಅರ್ಧ ಎಚ್.ಪಿ. ಮೋಟಾರ್ ಧಾರಾಳ. 1440 ಸುತ್ತಿನ ಮೋಟಾರಿಗೆ 60ಕ್ಕೆ 1ರ ವರ್ಮ್ ಗೇರ್ ಬಾಕ್ಸ್, ಅದಕ್ಕೆ 120 ಮಿ.ಮೀ. ವ್ಯಾಸದ ಡ್ರಮ್, 6 ಮಿ.ಮೀ. ಸ್ಟೀಲ್ ವೈರ್ ರೋಪ್. ಅರ್ಧ ನಿಮಿಷದಲ್ಲಿ ಎರಡು ಮೂಟೆ ಮೇಲೆ. ಹಳಿಗೆ 75 ಮಿ.ಮೀ. ಸಿ ಚಾನೆಲ್ ಬಳಸಿ, ಚಕ್ರಗಳು ಚಾನೆಲ್ಲಿನ ಒಳಗೇ ಓಡುವಂತೆ ಮಾಡಿಸಿದೆವು. ಆಗ ಟ್ರಾಲಿ ಹಳಿಯಿಂದ ಏಳುವುದಿಲ್ಲ.

ಮೋಟಾರನ್ನು ಮೇಲ್ಗಡೆಯೇ ಕೂರಿಸಿ. ಕೆಳಗಿಟ್ಟರೆ ಕೆಲಸ ಸುಲಭವೆಂದು ನಮ್ಮ ಫ್ಯಾಬ್ರಿಕೇಟರ್ ಹೇಳಿದ್ದ. ಆದರೆ 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎಳೆಯುವುದಕ್ಕೆ ಇಷ್ಟು ಸಾಕು. ನಿಲ್ಲಿಸುವುದಕ್ಕೆ ಸಾಲದು, ಇದು ನಮಗೆ ತಡವಾಗಿ ತಿಳಿಯಿತು. ವರ್ಮ್ ಗೇರ್ ಹಿಂದಕ್ಕೆ ತಿರುಗುವುದಿಲ್ಲ, ಬೇರೆ ಬ್ರೇಕ್ ಯಾಕೆ ಎಂದು ಫ್ಯಾಬ್ರಿಕೇಟರ್ ಭರವಸೆ ಕೊಟ್ಟಿದ್ದ. ಮೊದಲ ಪರೀಕ್ಷೆಯಲ್ಲಿ 125 ಕಿಲೋ ಮರಳಿನ ಚೀಲ ಹೇರಿ, ಅರ್ಧ ದಾರಿಯಲ್ಲಿ ಮೇನ್ ಸ್ವಿಚ್ ಆರಿಸಿದೆವು. ಟ್ರಾಲಿ ನಿಂತಿತು. ಚಹಾ ಕುಡಿದು ಬಂದು ನೋಡುವಾಗ ಎರಡು ಮೆಟ್ಟಿಲು ಕೆಳಗಿತ್ತು! ಅಂದೇ ಕೆಲಸ ನಿಲ್ಲಿಸಿ, ಕರೆಂಟ್ ಹೋದ ಕ್ಷಣ ತಾನಾಗಿ ಬಿಗಿಯುವ ಬ್ರೇಕ್ ಇರುವ ಮೋಟಾರ್ ತರಿಸಿದೆ.

ರೋಪ್ ತುಂಡಾದರೆ ಏನು ಗತಿ? ಅದಕ್ಕೆ ಹಳಿಗಳ ನಡುವೆ ಅಡಿಗೊಂದರಂತೆ ಕಬ್ಬಿಣದ ಅಡ್ಡಪಟ್ಟಿ, ಟ್ರಾಲಿಯ ಕೆಳಗೆ ಸ್ಪ್ರಿಂಗಿನ ಕೊಕ್ಕೆ. ರೋಪ್ ಬಿಗಿಯಾಗಿರುವಷ್ಟು ಹೊತ್ತು ಕೊಕ್ಕೆ ಎತ್ತಿರುತ್ತದೆ. ಸಡಿಲಾದರೆ ಪಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಇಳಿಯುವಾಗ ಟ್ರಾಲಿ ಎಲ್ಲಾದರೂ ಸಿಕ್ಕಿ ನಿಂತು, ಮೋಟಾರ್ ಮಾತ್ರ ರೋಪ್ ಬಿಡುತ್ತಲೇ ಹೋದರೆ ಅದು ಇನ್ನೂ ಅಪಾಯ. ಆಗ ಮೋಟಾರನ್ನು ಆರಿಸಲು ಸಡಿಲು ರೋಪಿನ ಸ್ವಿಚ್ ಬೇರೆ ಹಾಕಿಸಿದೆವು. ಮೇಲೆ ಕೆಳಗೆ ಲಿಮಿಟ್ ಸ್ವಿಚ್ ಇವೆ. ಮೇಲಿನ ಸ್ವಿಚ್ ಕೆಟ್ಟರೆ ಟ್ರಾಲಿ ಡ್ರಮ್ಮಿಗೆ ಹೊಡೆಯುತ್ತದೆಂದು ಅದರಾಚೆಗೆ ಪೂರ್ತಿ ಕರೆಂಟ್ ಕಡಿಯುವ ಇನ್ನೊಂದು ಸ್ವಿಚ್ಚೂ ಇದೆ. ಬಟನ್ ಒತ್ತಿ ಹಿಡಿದರೆ ಮಾತ್ರ ಓಡಬೇಕು, ಕೈ ಬಿಟ್ಟರೆ ನಿಲ್ಲಬೇಕು. ನಮ್ಮ ಹುಡುಗರ ಕೈ ಸದಾ ಒದ್ದೆ. ಆದ್ದರಿಂದ ಬಟನ್ನಿಗೆ 24 ವೋಲ್ಟ್, ಲೈನಿಗೆ 30 ಮಿಲಿ ಆಂಪಿಯರಿನ ಇ.ಎಲ್.ಸಿ.ಬಿ., ಹಳಿಗೆ ಅರ್ತಿಂಗ್. ಗ್ರೈಂಡರಿಗಾಗಿ ಥ್ರೀ ಫೇಸ್ ಇದ್ದವರು ಅದನ್ನೇ ಬಳಸಿ. ಸಿಂಗಲ್ ಫೇಸ್ ಮೋಟಾರ್ ಪೂರ್ತಿ ನಿಲ್ಲುವ ಮೊದಲೇ ತಿರುಗು ಬಟನ್ ಒತ್ತಿದರೆ ಅದು ಹಳೆಯ ದಿಕ್ಕಿನಲ್ಲೇ ಓಡುವುದುಂಟು.

ರೋಪಿನ ತುದಿಗೆ ಕಡಿಮೆಯೆಂದರೆ ಮೂರು ಕ್ಲಿಪ್. ಯು ಬೋಲ್ಟ್ ಬರಬೇಕಾದದ್ದು ಮಡಚಿದ ತುಂಡು ತುದಿಯ ಮೇಲೆ, ಭಾರ ಎಳೆಯುವ ರೋಪಿನ ಮೇಲೆ ಅಲ್ಲ. ನಮ್ಮವನು ಮೂರನ್ನೂ ತಿರುಗುಮುರುಗು ಹಾಕಿದ್ದ. ಟ್ರಾಲಿ ತೀರಾ ಕೆಳಗಿದ್ದಾಗಲೂ ಡ್ರಮ್ಮಿನಲ್ಲಿ ಮೂರು ಸುತ್ತು ರೋಪ್ ಉಳಿಯಬೇಕು.

ಒಟ್ಟು ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋದದ್ದು ಈ ನಿಲ್ಲಿಸುವ ವ್ಯವಸ್ಥೆಗೇ. ಸೊಸೈಟಿಯ ಪತ್ರ, ವಿಮಾ ಕಂಪನಿಗೆ ತಿಳಿಸುವುದು, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್, ಲಿಫ್ಟ್ ತಪಾಸಣೆಯ ಅಧಿಕಾರಿಗಳಲ್ಲಿ ಮತ್ತು ಅಗ್ನಿಶಾಮಕ ಕಚೇರಿಯಲ್ಲಿ ವಿಚಾರಣೆ, ಇವೆಲ್ಲ ಕಬ್ಬಿಣ ಕತ್ತರಿಸುವ ಮೊದಲೇ ಆಗಲಿ. ಟ್ರಾಲಿ ಬಂತೆಂದು ಗ್ಯಾಸ್ ಸಿಲಿಂಡರನ್ನು ಕೆಳಗಿಳಿಸುವ ಆಸೆಯೂ ಬೇಡ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲಮಾಳಿಗೆಯಲ್ಲೇ ತುಂಬಿ ನಿಲ್ಲುತ್ತದೆ.

ಮೂರನೇ ದಿನವೇ ಒಬ್ಬ ಕ್ಲೀನರ್ ಹುಡುಗ ಟ್ರಾಲಿಯಲ್ಲಿ ಕೂತು ಮೇಲೆ ಬಂದ. ಉಳಿದವರು ಚಪ್ಪಾಳೆ ತಟ್ಟಿದರಂತೆ. ಇದು ಸಾಮಾನಿನ ಟ್ರಾಲಿ, ಮನುಷ್ಯರನ್ನು ಹೊರುವ ಲಿಫ್ಟಿನ ಭದ್ರತೆ ಇದರಲ್ಲಿಲ್ಲ. ಬೈದರೆ ಎರಡು ದಿನ ನೆನಪಿರುತ್ತದೆ, ಅಷ್ಟೇ. ಹಾಗಾಗಿ ಬಟನ್ ಪೆಟ್ಟಿಗೆಗೆ ಕೀಲಿ ಹಾಕಿಸಿದೆ. ಕನ್ನಡ, ಹಿಂದಿ, ಮರಾಠಿ ಮೂರರಲ್ಲೂ ಬೋರ್ಡ್ ಬರೆಸಿದ್ದೇನೆ. ಟ್ರಾಲಿ ಓಡುವಾಗ ಮೆಟ್ಟಿಲಿನ ಮೇಲೆ ಯಾರೂ ಇರಬಾರದು.

ಕೀಲಿ ಇರುವುದು ಅಂದು ಜಾರಿಬಿದ್ದ ಹುಡುಗನ ಸೊಂಟದಲ್ಲಿ. ಈಗ ಸ್ಟೋರ್ ನೋಡಿಕೊಳ್ಳುವವನು ಅವನೇ. ಪ್ರತಿ ಸೋಮವಾರ ರೋಪನ್ನು ಬಟ್ಟೆಯಿಂದ ಒರೆಸಿ, ಎಳೆ ಕಿತ್ತಿದೆಯೇ ಎಂದು ನೋಡುತ್ತಾನೆ. ಕಳೆದ ತಿಂಗಳು ನಾನೇ ಅವಸರದಲ್ಲಿ ಮೂರನೇ ಮೂಟೆ ಇಡಲು ಹೇಳಿದಾಗ, "ಇಲ್ಲ ಅಣ್ಣಾ, ಎರಡೇ" ಎಂದು ಕೀಲಿ ತೆಗೆದುಕೊಂಡು ಹೋದ.

ಸದಸ್ಯ ಬಾಂಧವರು ಯಾರಾದರೂ ನೋಡಬಯಸಿದರೆ ಮಧ್ಯಾಹ್ನ ಊಟದ ಗಲಾಟೆ ಮುಗಿದ ಮೇಲೆ, ಮೂರರಿಂದ ಐದರೊಳಗೆ ಬನ್ನಿ. ನಿಮ್ಮ ಫ್ಯಾಬ್ರಿಕೇಟರನ್ನೂ ಜೊತೆಗೆ ಕರೆತನ್ನಿ.