ಕಾರಿನಲ್ಲಿ ಹಾಡದ ಬಿಲ್ಲೆ

ನಮ್ಮ ದೊಡ್ಡಮ್ಮನವರು ತೀರ್ಥಹಳ್ಳಿಯ ಮದುವೆಮನೆಯೊಂದರಲ್ಲಿ ಹಾಡಿದ ಸೋಬಾನೆ ಪದಗಳನ್ನು ಬಂಧುಗಳೊಬ್ಬರು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದರು. ದೊಡ್ಡಮ್ಮನವರು ಗತಿಸಿ ಬಹಳ ವರ್ಷಗಳಾದ ಮೇಲೆ, ಟೇಪು ಪೂರ್ತಿ ಸವೆದುಹೋಗುವುದಕ್ಕೆ ಮುನ್ನವೇ ಆ ಧ್ವನಿಯನ್ನು ಉಳಿಸಿಕೊಳ್ಳಬೇಕೆಂಬ ಹಂಬಲದಿಂದ ನನ್ನ ಸೋದರಳಿಯನು ಅದನ್ನು ಕಂಪ್ಯೂಟರಿಗೆ ಇಳಿಸಿ, ಖಾಲಿ ಸಿ.ಡಿ.ಯೊಂದರ ಮೇಲೆ ಬರೆದು, ಎಂದರೆ ಎಲ್ಲರೂ ಹೇಳುವಂತೆ ‘ಬರ್ನ್’ ಮಾಡಿ, ನನ್ನ ಕೈಗಿತ್ತನು. ಮನೆಯ ಕಂಪ್ಯೂಟರಿನಲ್ಲಿ ಅದು ನಿರ್ವಿಘ್ನವಾಗಿ ಹಾಡಿತು. ಆಗುಂಬೆಯ ದಾರಿಯಲ್ಲಿ ಕೇಳುತ್ತ ಹೋಗೋಣವೆಂದು ನಮ್ಮ ಹಳೆಯ ಕಾರಿನ ಸ್ಟೀರಿಯೊಕ್ಕೆ ತೂರಿಸಿದಾಗ ಮಾತ್ರ, ಯಂತ್ರವು ಅದನ್ನು ಒಳಕ್ಕೆಳೆದುಕೊಂಡು, ಕೆಲವು ಕ್ಷಣ ಗಿರ್ರನೆ ತಿರುಗಿಸಿ ನೋಡಿ, ‘ಎರರ್’ ಎಂಬ ಅಕ್ಷರಗಳನ್ನು ಬೆಳಗಿಸಿ ಹೊರಕ್ಕೆ ತಳ್ಳಿಬಿಟ್ಟಿತು. ಅಂಗಡಿಯಿಂದ ಕೊಂಡುತಂದ ಭಾವಗೀತೆಗಳ ಸಿ.ಡಿ.ಯನ್ನು ಅದೇ ಯಂತ್ರಕ್ಕೆ ಕೊಟ್ಟರೆ ಸೊಗಸಾಗಿ ಹಾಡಿತು.

ಎರಡು ಬಿಲ್ಲೆಗಳನ್ನೂ ಪಕ್ಕಪಕ್ಕದಲ್ಲಿ ಹಿಡಿದು ನೋಡಿದೆ. ಎರಡಕ್ಕೂ 120 ಮಿಲಿಮೀಟರಿನ ವ್ಯಾಸ, 1.2 ಮಿಲಿಮೀಟರಿನ ದಪ್ಪ, ನಡುವೆ ಅದೇ ರಂಧ್ರ, ಅಡಿಯಲ್ಲಿ ಅದೇ ಕಾಮನಬಿಲ್ಲಿನ ಹೊಳಪು. ಇಷ್ಟು ಸದೃಶವಾದ ಎರಡು ವಸ್ತುಗಳಲ್ಲಿ ಒಂದು ಹಾಡುವುದು, ಇನ್ನೊಂದು ಮೂಕವಾಗುವುದು ಏತಕ್ಕೆಂಬ ಪ್ರಶ್ನೆಯನ್ನು ಬೆನ್ನಟ್ಟಿ ಹೊರಟವನಿಗೆ, ಇವು ನೋಟಕ್ಕೆ ಮಾತ್ರ ಸೋದರರು, ಹುಟ್ಟಿನಿಂದ ಬೇರೆ ಬೇರೆ ಕುಲದವು ಎಂಬುದು ಕ್ರಮೇಣ ಮನವರಿಕೆಯಾಯಿತು.

ಅಂಗಡಿಯಿಂದ ತಂದ, ಎಂದರೆ ಅಚ್ಚೊತ್ತಿದ, ಬಿಲ್ಲೆಯ ಕಥೆ ಇದು. ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು 1980ರಲ್ಲಿ ಒಡಂಬಟ್ಟು ರೂಪಿಸಿದ ನಿಯಮಾವಳಿಯಂತೆ, ಧ್ವನಿಯ ಅಲೆಯನ್ನು ಸೆಕೆಂಡೊಂದಕ್ಕೆ 44,100 ಸಲ ಅಳೆದು, ಆ ಅಳತೆಗಳನ್ನು ಸಂಖ್ಯೆಗಳಾಗಿಸಿ, ಪಾಲಿಕಾರ್ಬೊನೇಟೆಂಬ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಅತಿಸೂಕ್ಷ್ಮವಾದ ಕುಳಿಗಳ ಸಾಲಾಗಿ ಒತ್ತಿ, ಅದರ ಮೇಲೆ ಅಲ್ಯೂಮಿನಿಯಮ್ಮಿನ ತೆಳುಲೇಪವನ್ನು ಕೊಟ್ಟಿರುತ್ತಾರೆ. ಈ ಸಾಲು ನಡುವಿನಿಂದ ಅಂಚಿನ ಕಡೆಗೆ ಸುರುಳಿಯಾಗಿ ಸಾಗುತ್ತದೆ. ಒಂದು ಸುತ್ತಿಗೂ ಮುಂದಿನ ಸುತ್ತಿಗೂ ಇರುವ ಅಂತರ 1.6 ಮೈಕ್ರಾನ್ ಮಾತ್ರವಾದುದರಿಂದ, ಸುರುಳಿಯನ್ನು ಬಿಡಿಸಿ ನೇರವಾಗಿ ಹಾಸಿದರೆ 5 ಕಿಲೋಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಯಂತ್ರದೊಳಗಿನ ಲೇಸರ್ ಕಿರಣ, 780 ನ್ಯಾನೋಮೀಟರ್ ತರಂಗಾಂತರದ್ದು, ಕೆಳಗಿನಿಂದ ಈ ಸಾಲಿನ ಮೇಲೆ ಬೀಳುತ್ತದೆ. ಕುಳಿಯ ಆಳವು ಪ್ಲಾಸ್ಟಿಕ್ಕಿನೊಳಗಿನ ಆ ತರಂಗಾಂತರದ ಸುಮಾರು ಕಾಲುಭಾಗದಷ್ಟಿರುವುದರಿಂದ, ಕುಳಿಯಿಂದಲೂ ಸುತ್ತಲಿನ ಬಯಲಿನಿಂದಲೂ ಮರಳಿದ ಅಲೆಗಳು ಒಂದನ್ನೊಂದು ಅಳಿಸಿಕೊಂಡು, ಹಿಂದಿರುಗಿದ ಬೆಳಕು ಮಂಕಾಗುತ್ತದೆ. ಬಯಲಿನ ಮೇಲೆ ಪ್ರಕಾಶಮಾನವಾಗಿ ಮರಳುತ್ತದೆ. ಯಂತ್ರವು ಓದುವುದು ಈ ಬೆಳಕುಮಂಕುಗಳ ಸರದಿಯನ್ನು. ಇನ್ನೂ ಖಚಿತವಾಗಿ ಹೇಳಬೇಕಾದರೆ, ಒಂದು ಮುಗಿದು ಇನ್ನೊಂದು ತೊಡಗುವ ಅಂಚುಗಳನ್ನು.

ನಾವು ಮನೆಯಲ್ಲಿ ಬರೆಯುವ ಬಿಲ್ಲೆಯಲ್ಲಿ ಕುಳಿಗಳೇ ಇಲ್ಲ. ಅಲ್ಲಿರುವುದು ಪ್ಲಾಸ್ಟಿಕ್ಕಿಗೂ ಚಿನ್ನ ಅಥವಾ ಬೆಳ್ಳಿಯ ಕನ್ನಡಿಗೂ ನಡುವೆ ಹರಡಿದ ಒಂದು ಸಾವಯವ ಬಣ್ಣದ ಪದರ. ಬರೆಯುವಾಗ ತೀಕ್ಷ್ಣವಾದ ಲೇಸರ್ ತಗುಲಿದೆಡೆಯಲ್ಲಿ ಬಣ್ಣವು ಕಾದು ರೂಪಾಂತರಗೊಳ್ಳುತ್ತದೆ. ಓದುವ ಯಂತ್ರದ ಮಂದಕಿರಣಕ್ಕೆ ಆ ಮಚ್ಚೆ ಕುಳಿಯಂತೆಯೇ ತೋರುತ್ತದೆ. ಕೆಲವು ಖಾಲಿ ಬಿಲ್ಲೆಗಳ ಅಡಿ ಹಸುರಾಗಿ, ಕೆಲವು ಗಾಢನೀಲಿಯಾಗಿ, ಕೆಲವು ಬಹುತೇಕ ಬಣ್ಣವೇ ಇಲ್ಲದಂತೆ ಕಾಣುವುದಕ್ಕೆ ಬಣ್ಣದ ರಾಸಾಯನಿಕ ಜಾತಿ ಬೇರೆಯಾಗಿರುವುದೇ ಕಾರಣ. ಒಂದು ಜಾತಿಯನ್ನು ಓದುವ ಯಂತ್ರ ಇನ್ನೊಂದನ್ನು ಓದದಿರುವುದುಂಟು. ಆದ್ದರಿಂದ ಬೇರೆ ತಯಾರಿಕೆಯ ಬಿಲ್ಲೆಯಲ್ಲಿ ಬರೆದು ನೋಡಿರೆಂದು ಅನುಭವಸ್ಥರು ಹೇಳುವ ಮಾತು ಮೂಢನಂಬಿಕೆಯಲ್ಲ.

ಆದರೆ ನಮ್ಮ ಮೊದಲನೆಯ ಬಿಲ್ಲೆಯ ದೋಷ ಬಣ್ಣದ್ದಾಗಿರಲಿಲ್ಲ. ಅಳಿಯನು ಪದಗಳನ್ನು ಎಂ.ಪಿ.3 ಕಡತಗಳಾಗಿಯೇ ಬಿಲ್ಲೆಗೆ ಹಾಕಿದ್ದನು. ಐದು ನಿಮಿಷದ ಹಾಡು ಸಿ.ಡಿ.ಯ ಮೂಲರೂಪದಲ್ಲಿ 50 ಮೆಗಾಬೈಟಿಗೂ ಮಿಕ್ಕರೆ, ಎಂ.ಪಿ.3ರಲ್ಲಿ ಸಾಧಾರಣವಾಗಿ ಅದರ ಹತ್ತನೆಯ ಒಂದು ಪಾಲಿಗೆ ಅಡಗುತ್ತದೆ. ಆದರೆ ಆ ಸಂಕ್ಷಿಪ್ತ ಲಿಪಿಯನ್ನು ಬಿಡಿಸಿ ಓದುವ ವಿದ್ಯೆ ನಮ್ಮ ಕಾರಿನ ಯಂತ್ರಕ್ಕಿರಲಿಲ್ಲ. ಇದನ್ನು ಕಂಡುಹಿಡಿಯುವುದು ಸುಲಭ. ಬಿಲ್ಲೆಯನ್ನು ವಿಂಡೋಸ್ ಕಂಪ್ಯೂಟರಿನಲ್ಲಿ ತೆರೆದಾಗ ಹಾಡುಗಳು ಒಂದೊಂದು ಕಿಲೋಬೈಟಿನ ಪುಟ್ಟ ಹೆಸರುಗಳಾಗಿ ಕಂಡರೆ ಅದು ನಿಜವಾದ ‘ಆಡಿಯೊ ಸಿ.ಡಿ.’, ಮೆಗಾಬೈಟುಗಳ ಕಡತಗಳಾಗಿ ಕಂಡರೆ ‘ಡೇಟಾ ಸಿ.ಡಿ.’. ಸ್ಟೀರಿಯೊದ ಮುಖದ ಮೇಲೆ ಎಂ.ಪಿ.3 ಎಂಬ ಗುರುತಿಲ್ಲದಿದ್ದರೆ, ಬರೆಯುವ ತಂತ್ರಾಂಶದಲ್ಲಿ ಮೊದಲನೆಯದನ್ನೇ ಆರಿಸತಕ್ಕದ್ದು.

ಎರಡನೆಯ ಸಲ ಅವನು ಆಡಿಯೊ ಸಿ.ಡಿ.ಯನ್ನೇ ಮಾಡಿದನು, ಆದರೆ ತಪ್ಪಾದರೆ ಅಳಿಸಿ ಬರೆಯಬಹುದೆಂಬ ಮುಂದಾಲೋಚನೆಯಿಂದ ಪುನಃ ಬರೆಯಬಲ್ಲ ಆರ್.ಡಬ್ಲ್ಯು. ಬಿಲ್ಲೆಯನ್ನು ತೆಗೆದುಕೊಂಡಿದ್ದನು. ಕಾರಿನ ಯಂತ್ರವು ಒಳಗೆ ಬಿಲ್ಲೆಯಿದೆಯೆಂಬುದನ್ನೇ ಅರಿಯದೆ ಹೋಯಿತು. ಅಚ್ಚೊತ್ತಿದ ಬಿಲ್ಲೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 70 ಪಾಲಿಗಿಂತ ಹೆಚ್ಚನ್ನು ಹಿಂದಿರುಗಿಸುತ್ತದೆ. ಒಮ್ಮೆ ಮಾತ್ರ ಬರೆಯಬಹುದಾದ ಬಿಲ್ಲೆ ಅದಕ್ಕೆ ತುಸು ಕಡಮೆ. ಆದರೆ ಅಳಿಸಿ ಬರೆಯುವ ಬಿಲ್ಲೆಯಲ್ಲಿ ಬಣ್ಣದ ಬದಲು ಬೆಳ್ಳಿ, ಇಂಡಿಯಮ್, ಆಂಟಿಮನಿ, ಟೆಲ್ಯೂರಿಯಮ್‌ಗಳ ಮಿಶ್ರಲೋಹವಿದ್ದು, ಅದು ಹಿಂದಿರುಗಿಸುವುದು 15ರಿಂದ 25 ಪಾಲು ಮಾತ್ರ. ಕಾರುಗಳಿಗೆ ಸಿ.ಡಿ. ಯಂತ್ರಗಳು ಬಂದದ್ದು 1984ರ ಸುಮಾರಿಗೆ. ಅಳಿಸಿ ಬರೆಯುವ ಬಿಲ್ಲೆಗಳು ಬಳಕೆಗೆ ಬಂದದ್ದು 1990ರ ದಶಕದ ಉತ್ತರಾರ್ಧದಲ್ಲಿ. ಹಿಂದಿನ ಯಂತ್ರವನ್ನು ರೂಪಿಸಿದವರು ಇಷ್ಟು ಕ್ಷೀಣವಾದ ಬೆಳಕನ್ನು ಅದು ಎಂದಾದರೂ ಎದುರಿಸಬೇಕಾದೀತೆಂದು ಊಹಿಸುವಂತೆಯೇ ಇರಲಿಲ್ಲ. ಇದಕ್ಕೆ ಶುಚಿಗೊಳಿಸುವುದು ಮೊದಲಾದ ಯಾವ ಉಪಚಾರವೂ ಫಲಿಸದು.

ಮೂರನೆಯ ಬಿಲ್ಲೆ ಒಮ್ಮೆ ಬರೆಯುವ ಜಾತಿಯದು. ಅದೂ ಮನೆಯಲ್ಲಿ ಹಾಡಿ ಕಾರಿನಲ್ಲಿ ಮೂಕವಾಯಿತು. ಮುಂದೆ ಇನ್ನೂ ಕೆಲವು ಪದಗಳನ್ನು ಸೇರಿಸೋಣವೆಂದು ಅಳಿಯನು ಅದನ್ನು ಮುಗಿಸದೆ ಬಿಟ್ಟಿದ್ದನು. ಪ್ರತಿ ಬಿಲ್ಲೆಯ ಸುರುಳಿಯೂ, ಪುಸ್ತಕದ ಆರಂಭದಲ್ಲಿ ವಿಷಯಸೂಚಿ ಇರುವಂತೆ, ನಡುರಂಧ್ರದ ಸಮೀಪದಲ್ಲಿ ಯಾವ ಹಾಡು ಎಲ್ಲಿ ತೊಡಗುತ್ತದೆಂಬ ಪಟ್ಟಿಯಿಂದ ಮೊದಲಾಗುತ್ತದೆ. ಬರೆಯುವಾಗ ಈ ಪಟ್ಟಿಯನ್ನು ಇನ್ನೂ ಒಳಗಿನ ತಾತ್ಕಾಲಿಕವಾದೊಂದು ಜಾಗದಲ್ಲಿ ಗುರುತುಮಾಡಿಟ್ಟು, ಬಿಲ್ಲೆಯನ್ನು ‘ಫೈನಲೈಸ್’ ಮಾಡಿದಾಗ ಮಾತ್ರ ಅದರ ಶಾಶ್ವತಸ್ಥಾನದಲ್ಲಿ ಬರೆಯಲಾಗುತ್ತದೆ. ಬರೆಯುವ ಯಂತ್ರಕ್ಕೆ ಆ ತಾತ್ಕಾಲಿಕ ಟಿಪ್ಪಣಿ ಗೊತ್ತು. ಕಾರಿನ ಯಂತ್ರಕ್ಕೆ ಗೊತ್ತಿಲ್ಲ. ಇಲ್ಲಿ ಮಾತ್ರ ಬಿಲ್ಲೆ ವ್ಯರ್ಥವಾಗಲಿಲ್ಲ: ಅದನ್ನೇ ಮತ್ತೆ ಕಂಪ್ಯೂಟರಿಗೆ ಹಾಕಿ ಮುಗಿಸಿಕೊಟ್ಟುದೇ ತಡ, ಕಾರಿನಲ್ಲಿ ಹಾಡತೊಡಗಿತು.

ಹಾಡತೊಡಗಿತು, ಆದರೆ ಕೊನೆಯ ಎರಡು ಪದಗಳಲ್ಲಿ ಮುಗ್ಗರಿಸಿತು. ನನಗೆ ಅತ್ಯಂತ ಕುತೂಹಲವೆನಿಸಿದ ಭಾಗ ಇದೇ. ಬಿಲ್ಲೆಯ ಮೇಲಿನ ಮಚ್ಚೆಗಳಿಗೆ ಒಂಬತ್ತೇ ಒಂಬತ್ತು ಉದ್ದಗಳುಂಟು. ಒಂದಕ್ಕೂ ಅದರ ಮುಂದಿನದಕ್ಕೂ ಇರುವ ವ್ಯತ್ಯಾಸ ಸುಮಾರು 0.3 ಮೈಕ್ರಾನ್. ಅಂಚು ಅಷ್ಟು ಸರಿದರೆ ಒಂದು ಉದ್ದ ಇನ್ನೊಂದಾಗಿ, ಸಂಖ್ಯೆಯೇ ಬದಲಾಗುತ್ತದೆ. ಹಾಡಿಸುವ ವೇಗದ 52 ಪಟ್ಟಿನಲ್ಲಿ ಬರೆಯಬಲ್ಲ ಯಂತ್ರವು ಒಳಸುತ್ತುಗಳಲ್ಲಿ ಅದರ ಅರ್ಧಕ್ಕೂ ಕಡಮೆ ವೇಗದಲ್ಲಿ ಬರೆಯುತ್ತ ಹೋಗಿ, ಗರಿಷ್ಠ ವೇಗವನ್ನು ಮುಟ್ಟುವುದು ಹೊರ ಅಂಚಿನಲ್ಲಿ; ಬಿಲ್ಲೆಯ ಅಲುಗಾಟವೂ ಅಲ್ಲಿಯೇ ಹೆಚ್ಚು. ಆದ್ದರಿಂದ ಅವಸರದ ಬರಹದ ದೋಷ ಮೊದಲು ತೋರುವುದು ಕೊನೆಯ ಹಾಡುಗಳಲ್ಲಿ. ಸಣ್ಣಪುಟ್ಟ ತಪ್ಪುಗಳನ್ನು ಸರಿಪಡಿಸುವ ಉಪಾಯ ಬಿಲ್ಲೆಯಲ್ಲಿಯೇ ಅಡಕವಾಗಿದೆ: ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲೊಮನ್ ಎಂಬ ಗಣಿತಜ್ಞರು 1960ರಲ್ಲಿ ಪ್ರಕಟಿಸಿದ ಸಂಕೇತಪದ್ಧತಿಯ ಬಲದಿಂದ, ಸುರುಳಿಯ ಮೇಲೆ ಸುಮಾರು 2.5 ಮಿಲಿಮೀಟರಿನಷ್ಟು ಉದ್ದಕ್ಕೆ ಬರಹವೆಲ್ಲ ಅಳಿಸಿಹೋದರೂ ಯಂತ್ರವು ಅದನ್ನು ಲೆಕ್ಕಹಾಕಿ ಮರಳಿ ಪಡೆಯಬಲ್ಲದು. ಗಣಿತದ ಈ ಕರುಣೆಯನ್ನು ನೆನೆದಾಗಲೆಲ್ಲ ನನಗೆ ಹೃದಯ ತುಂಬಿಬರುತ್ತದೆ. ಆದರೆ ಅವಸರದ ಬರಹದಲ್ಲಿ ಈ ಸಾಮರ್ಥ್ಯವೆಲ್ಲ ಅಂಚುಗಳನ್ನು ತಿದ್ದುವುದರಲ್ಲಿಯೇ ವ್ಯಯವಾಗಿ, ರಸ್ತೆಯ ಕುಲುಕಾಟಕ್ಕೂ ಧೂಳಿಗೂ ಏನೂ ಉಳಿದಿರುವುದಿಲ್ಲ. ಹಾಗೆಂದು ಇಂದಿನ ವೇಗಕ್ಕೆಂದೇ ಹದಗೊಳಿಸಿದ ಬಣ್ಣಕ್ಕೆ ತೀರ ಮೆಲ್ಲನೆಯ ಬರಹವೂ ಒಗ್ಗದು. 8ರಿಂದ 16 ಪಟ್ಟಿನ ನಡುವಣ ವೇಗವೇ ಕ್ಷೇಮ. ಎಲ್ಲವನ್ನೂ ಒಂದೇ ಉಸಿರಿನಲ್ಲಿ ಬರೆಯುವ ‘ಡಿಸ್ಕ್ ಅಟ್ ಒನ್ಸ್’ ಕ್ರಮವನ್ನು ಆರಿಸಿಕೊಂಡರೆ ಹಾಡುಗಳ ನಡುವಿನ ಬೆಸುಗೆಗಳೂ ಇಲ್ಲವಾಗುತ್ತವೆ.

ಬಿಲ್ಲೆಯನ್ನು ಕಾಪಾಡುವ ಬಗ್ಗೆ ಒಂದೆರಡು ಮಾತು. ಕೆಳಗಣ ಮುಖದ ಧೂಳು ಅಷ್ಟು ಹಾನಿಕರವಲ್ಲ, ಏಕೆಂದರೆ ಕಿರಣವು ಅಲ್ಲಿ 0.8 ಮಿಲಿಮೀಟರಿನಷ್ಟು ಅಗಲವಾಗಿದ್ದು ಒಳಗೆ ಹೋದಮೇಲೆ ಮಾತ್ರ ಸೂಜಿಮೊನೆಯಾಗುತ್ತದೆ. ಜನರು ನಿರ್ಲಕ್ಷಿಸುವ ಮೇಲಣ ಮುಖವೇ ನಾಜೂಕಾದದ್ದು. ತೆಳುವಾದ ಮೆರುಗೆಣ್ಣೆಯೊಂದರ ಕೆಳಗೇ ಕನ್ನಡಿಯೂ ಬಣ್ಣವೂ ಇರುವುದರಿಂದ, ಬಾಲ್‌ಪೆನ್ನಿನಿಂದ ಅಲ್ಲಿ ಹೆಸರು ಬರೆಯುವುದು ಹಾಡನ್ನೇ ಗೀಚಿದಂತೆ. ಮೃದುವಾದ ಮಾರ್ಕರು ಸಾಕು. ಕಾಗದದ ಲೇಬಲ್ ಅಂಟಿಸಲೇಬಾರದು. ಕಾರಿನ ಬಿಸಿಗೆ ಅದು ಸುಲಿದು ಯಂತ್ರದ ಸೀಳಿನಲ್ಲಿ ಸಿಕ್ಕಿಕೊಂಡೀತು. ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತಿಸಿ ಒರೆಸಿದರೆ ಬೀಳುವ ಗೀರು ಸುರುಳಿಗುಂಟವೇ ಸಾಗಿ ರೀಡ್ ಸಾಲೊಮನ್ನರ ಗಣಿತಕ್ಕೂ ಮೀರುತ್ತದೆ. ಗಾಜಿನ ಕೆಳಗಣ ಬಿಸಿಲಿನಲ್ಲಿ ಬಿಟ್ಟ ಬಿಲ್ಲೆಯ ಬಣ್ಣ ಮಾಸುತ್ತದೆ.

ಯಂತ್ರದ್ದೂ ತಪ್ಪಿರಬಹುದು. ಆಗುಂಬೆಯ ಮಳೆಗಾಲದಲ್ಲಿ ಮಸೂರಕ್ಕೆ ಮಂಜು ಹಿಡಿದರೆ ಎಂಥ ಬಿಲ್ಲೆಯೂ ಓಡದು. ಕಾಲುಗಂಟೆ ಕಾದು ಆರಲು ಬಿಡಬೇಕು. ಲೇಸರ್ ಹಳತಾಗಿ ದುರ್ಬಲವಾದರೆ ಅಚ್ಚೊತ್ತಿದ ಬಿಲ್ಲೆಯನ್ನು ಓದುತ್ತಲೇ ಬರೆದ ಬಿಲ್ಲೆಯನ್ನು ಕೈಬಿಡುತ್ತದೆ. ಅದೇ ಬಿಲ್ಲೆ ಬೇರೊಬ್ಬರ ಕಾರಿನಲ್ಲಿ ಹಾಡುವುದೋ ಎಂದು ನೋಡುವುದೇ ಇದಕ್ಕೆ ತಕ್ಕ ಪರೀಕ್ಷೆ.

ನಾಲ್ಕನೆಯ ಬಿಲ್ಲೆಯನ್ನು ಅಳಿಯನು 16 ಪಟ್ಟು ವೇಗದಲ್ಲಿ, ಒಂದೇ ಉಸಿರಿನಲ್ಲಿ ಬರೆದು ಮುಗಿಸಿ ತಂದನು. ಘಾಟಿಯ ತಿರುವುಗಳಲ್ಲಿಯೂ ದೊಡ್ಡಮ್ಮನವರ ಧ್ವನಿ ಎಲ್ಲಿಯೂ ಮುಗ್ಗರಿಸಲಿಲ್ಲ. ಮೂರನೆಯ ಪದದ ನಡುವೆ ಮಾತ್ರ ಒಂದೆಡೆ ಕ್ಷಣಕಾಲ ಮಂಕಾಗಿ ಮತ್ತೆ ಎದ್ದಿತು. ಮನೆಗೆ ಬಂದು ಹಳೆಯ ಕ್ಯಾಸೆಟ್ಟನ್ನೇ ಹಾಕಿ ಕೇಳಿದೆ; ಟೇಪು ಅದೇ ನುಡಿಯ ಅದೇ ಅಕ್ಷರದ ಬಳಿ ಸುಕ್ಕಾಗಿತ್ತು.