ಕಲಿಯುವ ರಿಮೋಟು

ಮನುಷ್ಯನ ಶ್ರಮವನ್ನು ಕಡಿಮೆ ಮಾಡಲೆಂದು ಹುಟ್ಟಿದ ಯಂತ್ರಗಳು ಒಮ್ಮೊಮ್ಮೆ ಅವನಿಗೆ ಹೊಸ ಶ್ರಮವನ್ನು ತಂದೊಡ್ಡುವುದುಂಟು. ಕುಳಿತಲ್ಲಿಂದಲೇ ಟಿ.ವಿ.ಯನ್ನು ನಡೆಸುವ ರಿಮೋಟು ಇದಕ್ಕೊಂದು ನಿದರ್ಶನ. ಅದು ಒಂದೇ ಇದ್ದಾಗ ಸೌಕರ್ಯ. ಮೂರಾದಾಗ ಅದೇ ಸಂಕಟ. ಈ ಸಂಕಟಕ್ಕೆ ಪರಿಹಾರವಾಗಿ ‘ಕಲಿಯುವ ರಿಮೋಟು’ ಎಂಬ ಸಾಧನವೊಂದು ಅಂಗಡಿಗಳಲ್ಲಿ ದೊರೆಯುತ್ತದೆ. ಅದು ಹೇಗೆ ಕಲಿಯುತ್ತದೆ, ಅದಕ್ಕೆ ನಾವು ಹೇಗೆ ಕಲಿಸಬೇಕು ಎಂಬುದನ್ನು ನನ್ನ ಅಲ್ಪ ಅನುಭವದಿಂದ ವಿವರಿಸುವುದೇ ಈ ಲೇಖನದ ಉದ್ದೇಶ. ನಾನು ವಿಜ್ಞಾನದ ವಿದ್ಯಾರ್ಥಿನಿಯಲ್ಲ. ಆದುದರಿಂದ ನನಗೆ ತಿಳಿದಷ್ಟನ್ನು ನನ್ನಂಥವರಿಗೆ ತಿಳಿಯುವಂತೆ ಹೇಳಲು ಯತ್ನಿಸುತ್ತೇನೆ.

ಕೆರೂರಿನಲ್ಲಿ ನಮ್ಮದು ನೇಕಾರರ ಮನೆ. ಹಗಲಿನಲ್ಲಿ ಅಪ್ಪ, ಅವ್ವ ಇಬ್ಬರೂ ಪಕ್ಕದ ಓಣಿಯ ಮಗ್ಗದ ಮನೆಯಲ್ಲಿರುತ್ತಾರೆ, ನಾನು ಕಾಲೇಜಿನಲ್ಲಿರುತ್ತೇನೆ. ಮನೆಯಲ್ಲಿ ಉಳಿಯುವವಳು ಅಜ್ಜಿಯೊಬ್ಬಳೇ. ಮಧ್ಯಾಹ್ನದ ಹೊತ್ತು ಟಿ.ವಿ.ಯಲ್ಲಿ ಭಜನೆ, ಪ್ರವಚನ ಕೇಳುವುದು ಅವಳ ರೂಢಿ. ಎರಡು ವರ್ಷಗಳ ಹಿಂದೆ ದೀಪಾವಳಿಗೆ ಬಂದ ಅಣ್ಣ ‘ಹೋಮ್ ಥಿಯೇಟರ್’ ತಂದು ಜೋಡಿಸಿದ. ಬನಶಂಕರಿ ಜಾತ್ರೆಯಲ್ಲಿ ರಾತ್ರಿಯಿಡೀ ಕಂಪನಿ ನಾಟಕ ನೋಡಿದ ಅಜ್ಜಿಗೆ, ಮನೆಯೊಳಗೇ ಥೇಟರು ಬಂದಿತೆಂದು ಬಲು ಹಿಗ್ಗು. ಆದರೆ ಆ ಹಿಗ್ಗು ಬಹಳ ದಿನ ಉಳಿಯಲಿಲ್ಲ. ಟಿ.ವಿ.ಗೆ ಒಂದು, ಡಿಶ್ ಬಾಕ್ಸಿಗೆ ಒಂದು, ಸ್ಪೀಕರಿಗೆ ಒಂದು ಹೀಗೆ ಮೂರು ರಿಮೋಟುಗಳಾದವು. ಮೂರೂ ಕಪ್ಪು, ಮೂರರ ಮೇಲೂ ಸಣ್ಣ ಇಂಗ್ಲಿಷ್ ಅಕ್ಷರಗಳು.

ಒಂದು ದಿನ ಸಂಜೆ ನಾನು ಮನೆಗೆ ಬಂದಾಗ ಟಿ.ವಿ.ಯ ಪರದೆ ಬರಿದಾಗಿ ನೀಲಿ ಬಣ್ಣದಿಂದ ಹೊಳೆಯುತ್ತಿತ್ತು. ಅಜ್ಜಿ ಅದರ ಮುಂದೆ ಸುಮ್ಮನೆ ಕುಳಿತಿದ್ದಳು. ಯಾವುದೋ ಗುಂಡಿ ಒತ್ತಿ ‘ಇನ್‌ಪುಟ್’ ಬದಲಾಗಿತ್ತು. ಆರಿಸಲೂ ಅವಳಿಗೆ ಧೈರ್ಯವಾಗಿರಲಿಲ್ಲ. “ಏನ ಮಾಡ್ಲಿ ಯವ್ವಾ, ಒಂದಕ್ಕ ಮೂರು ಅದಾವು. ಯಾವುದು ಒತ್ತಿದ್ರ ಏನ ಕೆಡತೈತೋ ಅಂತ ಅಂಜಿಕಿ” ಎಂದಳು. ಮರುದಿನದಿಂದ ಟಿ.ವಿ. ಹಚ್ಚುವುದನ್ನೇ ಬಿಟ್ಟಳು. ಕೇಳಿದರೆ, “ನನಗ ಬ್ಯಾಸರಾಗೇತಿ” ಎನ್ನುತ್ತಿದ್ದಳು. ಬೇಸರವಲ್ಲ, ಅಂಜಿಕೆ ಎಂಬುದು ನಮಗೆಲ್ಲ ಗೊತ್ತಿತ್ತು.

ನಮ್ಮ ಭಾಗದಲ್ಲಿ ಟಿ.ವಿ. ಎಂದರೆ ಹೀಗಿರಲಿಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗದಲ್ಲಿ (ಸೈಟ್) ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ಬಂದವು. ಕರ್ನಾಟಕದಲ್ಲಿ ಆಯ್ದ ಜಿಲ್ಲೆಗಳಲ್ಲಿ ವಿಜಾಪುರವೂ ಒಂದು. ಕೆರೂರು ಅಂದು ಆ ಜಿಲ್ಲೆಗೇ ಸೇರಿತ್ತು. ಆಗ ಊರಿಗೊಂದು ಸಾರ್ವಜನಿಕ ಪೆಟ್ಟಿಗೆ. ಅದನ್ನು ಹಚ್ಚಿ ಆರಿಸುವವನು ಒಬ್ಬ. ಉಳಿದವರು ನೋಡಿದರೆ ಸಾಕಾಗಿತ್ತು. ಇಂದು ಮನೆಗೊಂದು ಪೆಟ್ಟಿಗೆ ಬಂದಿದೆ, ಹಚ್ಚಿಕೊಡುವವರು ಮಾತ್ರ ಮನೆಯಲ್ಲಿಲ್ಲ.

ಇನ್ನು ರಿಮೋಟಿನ ಕೆಲಸವನ್ನು ನೋಡೋಣ. ಮೊದಮೊದಲು ಅದಕ್ಕೂ ತಂತಿಯಿತ್ತು. ಅಮೆರಿಕದ ಜೆನಿತ್ ಸಂಸ್ಥೆ 1950ರಲ್ಲಿ ತಂದ ರಿಮೋಟಿನ ತಂತಿ ಕೋಣೆಯ ನಡುವೆ ಹಾಯುತ್ತಿತ್ತು. 1955ರಲ್ಲಿ ಅದೇ ಸಂಸ್ಥೆಯ ಯೂಜೀನ್ ಪಾಲಿ ಎಂಬವರು ಬೆಳಕಿನಿಂದ ನಡೆಯುವ ರಿಮೋಟನ್ನು ಮಾಡಿದರು. ಆದರೆ ಬಿಸಿಲು ಬಿದ್ದರೂ ಟಿ.ವಿ. ಅದನ್ನೇ ಆಜ್ಞೆಯೆಂದು ತಿಳಿಯುತ್ತಿತ್ತು. 1956ರಲ್ಲಿ ರಾಬರ್ಟ್ ಆಡ್ಲರ್ ಅವರು ಕಿವಿಗೆ ಕೇಳದ ಶಬ್ದವನ್ನು ಬಳಸಿದರು. ಇಂದಿನ ಸಾಮಾನ್ಯ ರಿಮೋಟುಗಳು ಪುನಃ ಬೆಳಕನ್ನೇ ಬಳಸುತ್ತವೆ. ಆದರೆ ಅದು ಕಣ್ಣಿಗೆ ಕಾಣದ ಅವಕೆಂಪು ಬೆಳಕು. ವಿಲಿಯಂ ಹರ್ಷೆಲ್ ಅವರು 1800ರಲ್ಲಿ ಗುರುತಿಸಿದ ಕಿರಣಗಳಿವು.

ಗುಂಡಿಯನ್ನು ಒತ್ತಿದಾಗ ರಿಮೋಟಿನ ತುದಿಯ ಪುಟ್ಟ ದೀಪವು ಬೆಳಗಿ ಆರುತ್ತದೆ. ಈ ಬೆಳಕು ಸೆಕೆಂಡಿಗೆ ಸುಮಾರು 38,000 ಸಲ ಮಿನುಗುವ ಬೆಳಕಾದುದರಿಂದ ಬಿಸಿಲಿನೊಡನೆ, ಟ್ಯೂಬ್‌ಲೈಟಿನೊಡನೆ ಬೆರೆತುಹೋಗುವುದಿಲ್ಲ. ಆಜ್ಞೆಯು ಅಡಗಿರುವುದು ಬೆಳಕು-ಕತ್ತಲೆಗಳ ಅವಧಿಯಲ್ಲಿ. ಬಹಳ ಬಳಕೆಯಲ್ಲಿರುವ ಎನ್.ಇ.ಸಿ. ಎಂಬ ಪದ್ಧತಿಯಲ್ಲಿ ಮೊದಲು 9 ಮಿಲಿಸೆಕೆಂಡು ಬೆಳಕು, ನಂತರ 4.5 ಮಿಲಿಸೆಕೆಂಡು ಕತ್ತಲೆ. ಇದು “ಕೇಳು” ಎಂದು ಕರೆದಂತೆ. ಆಮೇಲೆ 32 ಸಂಕೇತಗಳು ಸಾಲಾಗಿ ಬರುತ್ತವೆ. ಕತ್ತಲೆಯು ಮೋಟಾಗಿದ್ದರೆ ಸೊನ್ನೆ, ಅದರ ಮೂರರಷ್ಟು ಉದ್ದವಾಗಿದ್ದರೆ ಒಂದು. ಯಾವ ಯಂತ್ರಕ್ಕೆ, ಯಾವ ಕೆಲಸಕ್ಕೆ ಎಂಬ ಎರಡೂ ಇದರಲ್ಲಿ ಸೇರಿರುತ್ತವೆ. ಇಷ್ಟೂ ಮುಗಿಯಲು ಸೆಕೆಂಡಿನ ಹದಿನೈದನೆಯ ಒಂದು ಭಾಗ ಸಾಕು.

ಇದನ್ನು ಓದಿದಾಗ ನನಗೆ ನೆನಪಾದದ್ದು ಜಕಾರ್ಡ್ ಮಗ್ಗ. ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ 1804ರಲ್ಲಿ ರೂಪಿಸಿದ ಆ ಮಗ್ಗದಲ್ಲಿ ತೂತಿನ ಕಾರ್ಡುಗಳ ಸಾಲು ಇರುತ್ತದೆ. ತೂತು ಇದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಸುಮ್ಮನಿರುತ್ತದೆ. ಬಟ್ಟೆಯಲ್ಲಿ ಹೂವು ಮೂಡುತ್ತದೆ. ಆದರೆ ಹೂವೆಂದರೇನೆಂಬುದು ಕಾರ್ಡಿಗೆ ತಿಳಿಯದು. ರಿಮೋಟಿನ ಕಲಿಕೆಯೂ ಹೀಗೆಯೇ.

ಅನೇಕ ಯಂತ್ರಗಳನ್ನು ನಡೆಸುವ ರಿಮೋಟುಗಳಲ್ಲಿ ಎರಡು ಬಗೆ. ಮೊದಲನೆಯದರ ಹೊಟ್ಟೆಯಲ್ಲಿ ಹೆಸರಾಂತ ಕಂಪನಿಗಳ ಸಂಕೇತಗಳನ್ನು ಮೊದಲೇ ತುಂಬಿರುತ್ತಾರೆ. ಪಟ್ಟಿಯಲ್ಲಿರುವ ಅಂಕಿಯನ್ನು ಒತ್ತಿದರೆ ಸಾಕು. ನಮ್ಮ ಸ್ಪೀಕರು ಅಷ್ಟೇನೂ ಹೆಸರಿಲ್ಲದ ತಯಾರಿಕೆಯದಾದ್ದರಿಂದ ಪಟ್ಟಿಯಲ್ಲಿರಲಿಲ್ಲ. ಎರಡನೆಯದು ಕಲಿಯುವ ರಿಮೋಟು. ಅದರ ತುದಿಯಲ್ಲಿ ಬೆಳಕನ್ನು ಬಿಡುವ ದೀಪದೊಡನೆ ಬೆಳಕನ್ನು ಗ್ರಹಿಸುವ ಕಣ್ಣೂ ಉಂಟು. ಹಳೆಯ ರಿಮೋಟು ಮಿನುಗಿದಾಗ ಅದು ಪ್ರತಿಯೊಂದು ಬೆಳಕು-ಕತ್ತಲೆಯ ಅವಧಿಯನ್ನು ಅಳೆದು ನೆನಪಿನಲ್ಲಿಟ್ಟುಕೊಂಡು, ಕೇಳಿದಾಗ ಹಾಗೆಯೇ ಒಪ್ಪಿಸುತ್ತದೆ. ಆಪಲ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಸ್ಟೀವ್ ವೋಜ್ನಿಯಾಕ್ ಅವರು 1987ರಲ್ಲಿ ‘ಕೋರ್’ ಎಂಬ ಇಂಥದೊಂದು ರಿಮೋಟನ್ನು ಹೊರತಂದಿದ್ದರು.

ಕಲಿಸುವ ಕ್ರಮ ಸುಲಭವಾದುದೇ. ಎರಡೂ ರಿಮೋಟುಗಳಲ್ಲಿ ಹೊಸ ಶೆಲ್ಲು ಹಾಕಬೇಕು. ಅವುಗಳನ್ನು ಮೇಜಿನ ಮೇಲೆ ಎದುರುಬದುರಾಗಿ, ತುದಿಗೆ ತುದಿ ಸೇರುವಂತೆ, ಎರಡು-ಮೂರು ಬೆರಳಿನ ಅಂತರದಲ್ಲಿ ಇಡಬೇಕು. ಕಲಿಯುವ ರಿಮೋಟಿನ ‘ಸೆಟ್’ ಗುಂಡಿಯನ್ನು ಅದರ ಕೆಂಪು ದೀಪ ಸ್ಥಿರವಾಗುವವರೆಗೆ ಒತ್ತಿ ಹಿಡಿಯಬೇಕು. ಬಳಿಕ ಅದರಲ್ಲಿ ಕಲಿಸಬೇಕಾದ ಗುಂಡಿಯನ್ನೊಮ್ಮೆ, ಹಳೆಯ ರಿಮೋಟಿನಲ್ಲಿ ಕಲಿಸುವ ಗುಂಡಿಯನ್ನೊಮ್ಮೆ ಒತ್ತಬೇಕು. ದೀಪ ಮಿಟುಕಿದರೆ ಪಾಠ ಒಪ್ಪಿತವಾಯಿತೆಂದರ್ಥ. ಕೊನೆಗೆ ‘ಸೆಟ್’ ಒತ್ತಿ ಮುಗಿಸಬೇಕು. ಗುಂಡಿಗಳ ಹೆಸರಿನಲ್ಲಿ ಕಂಪನಿಯಿಂದ ಕಂಪನಿಗೆ ಸ್ವಲ್ಪ ಭೇದವಿದ್ದರೂ ಕ್ರಮ ಬಹುಮಟ್ಟಿಗೆ ಇದೇ.

ಕೆಲವು ಎಚ್ಚರಿಕೆಗಳೂ ಅಗತ್ಯ. ಬ್ಲೂಟೂತ್ ರಿಮೋಟುಗಳು ಬೆಳಕಿನ ಬದಲು ರೇಡಿಯೋ ಅಲೆಗಳನ್ನು ಬಳಸುವುದರಿಂದ ಅವುಗಳ ಪಾಠ ಇದಕ್ಕೆ ಹತ್ತದು. ಪರೀಕ್ಷಿಸಲು ಮೊಬೈಲಿನ ಮುಂದಿನ ಕ್ಯಾಮರಾಕ್ಕೆ ರಿಮೋಟು ತೋರಿಸಿ ಒತ್ತಿರಿ. ನಸುನೇರಳೆ ಬೆಳಕು ಕಂಡರೆ ಅದು ಅವಕೆಂಪು ರಿಮೋಟೇ ಸರಿ. ಕಲಿಸುವಾಗ ಬಿಸಿಲು ಬೀಳದಂತೆ ನೋಡಿಕೊಳ್ಳಬೇಕು. ಫಿಲಿಪ್ಸ್ ಸಂಸ್ಥೆಯ ಆರ್.ಸಿ.-5 ಪದ್ಧತಿಯಲ್ಲಿ ಒಂದೊಂದು ಸಲ ಒತ್ತಿದಾಗಲೂ ಒಂದು ಸಂಕೇತ ಬದಲಾಗುತ್ತದೆ. ಬಾಯಿಪಾಠ ಮಾಡಿದ ರಿಮೋಟು ಅದನ್ನು ಬದಲಿಸಲಾರದ್ದರಿಂದ 11 ಎಂದು ಒತ್ತಿದರೆ ಯಂತ್ರವು ಒಂದೇ 1 ಎಂದು ತಿಳಿಯಬಹುದು.

ಇಷ್ಟು ತಿಳಿದ ಮೇಲೆ ನಾನು ಮಾಡಿದ ತಪ್ಪನ್ನು ಹೇಳಬೇಕು. ಒಂದು ರವಿವಾರವಿಡೀ ಕುಳಿತು ಮೂರೂ ರಿಮೋಟುಗಳ ನಲವತ್ತಕ್ಕೂ ಹೆಚ್ಚು ಗುಂಡಿಗಳನ್ನು ಹೊಸ ರಿಮೋಟಿಗೆ ಕಲಿಸಿದೆ. ಪವರ್ ಗುಂಡಿ ಒಂದನ್ನೊತ್ತಿದರೆ ಮೂರೂ ಹತ್ತುವಂತೆ ಸಾಲಾಗಿ ಪಾಠ ಹೇಳಿಕೊಟ್ಟೆ. ಅಜ್ಜಿಗೆ ಹೆಮ್ಮೆಯಿಂದ ಕೊಟ್ಟೆ. ಎರಡೇ ದಿನಗಳಲ್ಲಿ ಎಲ್ಲ ಹದಗೆಟ್ಟಿತು. ಏಕೆಂದರೆ ಹಚ್ಚುವುದಕ್ಕೂ ಆರಿಸುವುದಕ್ಕೂ ಸಂಕೇತ ಒಂದೇ. ಬಾಕ್ಸು ಮೊದಲೇ ಹತ್ತಿದ್ದರೆ ಅದೇ ಗುಂಡಿಯಿಂದ ಟಿ.ವಿ. ಹತ್ತುತ್ತದೆ, ಬಾಕ್ಸು ಆರುತ್ತದೆ. ಪುನಃ ಒತ್ತಿದರೆ ಅದಲುಬದಲು. ಮೂರು ರಿಮೋಟುಗಳ ಗೊಂದಲವನ್ನು ನಾನು ಒಂದರೊಳಗೆ ತುಂಬಿದ್ದೆನಷ್ಟೇ.

ಆಗ ಅಜ್ಜಿಯನ್ನೇ ಕೇಳಿದೆ: “ಅಮ್ಮಾ, ನಿನಗ ಏನೇನ ಬೇಕು?” ಅವಳು ಬೆರಳು ಮಡಚಿ ಎಣಿಸಿದಳು: “ಹಚ್ಚೂದು, ಆರಸೂದು, ಮುಂದಿಂದು, ಹಿಂದಿಂದು, ದನಿ ಏರಸೂದು, ಇಳಸೂದು. ಮುಗೀತಲ್ಲ?” ಹಚ್ಚಿ ಆರಿಸಲು ಒಂದೇ ಗುಂಡಿಯಾದ್ದರಿಂದ ಐದು ಗುಂಡಿಗಳು ಸಾಕಾದವು. ಪವರ್ ಅನ್ನು ಟಿ.ವಿ.ಯ ರಿಮೋಟಿನಿಂದ ಮಾತ್ರ ಕಲಿಸಿದೆ. ಚಾನೆಲಿನ ಎರಡನ್ನು ಬಾಕ್ಸಿನ ರಿಮೋಟಿನಿಂದ. ಧ್ವನಿಯ ಎರಡನ್ನು ಸ್ಪೀಕರಿನ ರಿಮೋಟಿನಿಂದ. ಬಾಕ್ಸಿನ ಧ್ವನಿಯ ತಂತಿ ನೇರವಾಗಿ ಸ್ಪೀಕರಿಗೆ ಹೋಗುವುದರಿಂದ ಟಿ.ವಿ.ಯ ಸ್ವಂತ ಧ್ವನಿಯನ್ನು ಶೂನ್ಯಕ್ಕಿಳಿಸಿದೆ. ಬಾಕ್ಸು ಸದಾ ಹತ್ತಿಯೇ ಇರುತ್ತದೆ. ಸ್ವಲ್ಪ ಕರೆಂಟು ಖರ್ಚಾದರೂ ಚಿಂತೆಯಿಲ್ಲವೆಂದು ಅಪ್ಪ ಒಪ್ಪಿದ. ಸ್ಪೀಕರಿಗೆ ಗೋಡೆಯ ಸ್ವಿಚ್ಚೇ ಸಾಕು. ‘ಇನ್‌ಪುಟ್’ ಗುಂಡಿಯ ಪಾಠವನ್ನು ಅಳಿಸಿಹಾಕಿದೆ. ಅವ್ವ ಖಣದ ತುಂಡೊಂದರಿಂದ ರಿಮೋಟಿಗೆ ಚೀಲ ಹೊಲಿದು, ಐದು ಗುಂಡಿಗಳಿಗೆ ಮಾತ್ರ ಕಿಂಡಿ ಬಿಟ್ಟಳು.

ಕಲಿಯುವ ರಿಮೋಟು ಎಂಬ ಹೆಸರು ಕೇಳಿ ಅದು ಜಾಣ ಯಂತ್ರವೆಂದು ನಾನು ಭಾವಿಸಿದ್ದೆ. ಅದು ಬಾಯಿಪಾಠದ ವಿದ್ಯಾರ್ಥಿ. ಹೇಳಿಕೊಟ್ಟದ್ದನ್ನು ತಪ್ಪಿಲ್ಲದೆ ಒಪ್ಪಿಸುತ್ತದೆ, ಅದರರ್ಥವನ್ನು ಅರಿಯದು. ಯಾರಿಗೆ ಏನು ಬೇಕೆಂಬುದನ್ನು ಕಲಿಯಬೇಕಾದವರು ನಾವೇ. ಆದುದರಿಂದ ಇಂಥ ರಿಮೋಟನ್ನು ಕೊಳ್ಳುವ ವಾಚಕರಲ್ಲಿ ನನ್ನದೊಂದು ವಿನಂತಿ: ‘ಸೆಟ್’ ಗುಂಡಿಯನ್ನು ಒತ್ತುವ ಮುನ್ನ ಅದನ್ನು ಬಳಸುವವರ ಪಕ್ಕದಲ್ಲಿ ಐದು ನಿಮಿಷ ಕುಳಿತುಕೊಳ್ಳಿರಿ.

ಮೊನ್ನೆ ಕಾಲೇಜಿನಿಂದ ಬೇಗನೆ ಬಂದೆ. ಓಣಿಯ ತಿರುವಿನಲ್ಲಿಯೇ ಭಜನೆ ಕೇಳುತ್ತಿತ್ತು. ನಾನು ಒಳಗೆ ಕಾಲಿಟ್ಟೊಡನೆ ಅಜ್ಜಿ, “ಸಪ್ಪಳ ಬಾಳ ಆತೇನ ಯವ್ವಾ?” ಎಂದು, ನನ್ನ ಉತ್ತರಕ್ಕೂ ಕಾಯದೆ, ತಾನೇ ಧ್ವನಿಯನ್ನು ಇಳಿಸಿದಳು.